ಮುಚ್ಚಳ ತೆರೆಯದ ಕೂಪರ್

ಕಲಬುರಗಿಯ ಸೇಡಂ ರಸ್ತೆಯಲ್ಲಿ ಆಟೋ ರಿಪೇರಿ ಮಾಡುತ್ತ ಇಪ್ಪತ್ತೆರಡು ವರ್ಷ ಕಳೆದವನು ನಾನು. ಎಂಜಿನ್ ಎಂದರೆ ಗಾಡಿಯ ಹಿಂದೆ ಹೋಗಿ ಬಗ್ಗುವುದೇ ರೂಢಿ. ಆ ನಂಟಿಗಾಗಿಯೇ, ಎಂಜಿನ್ ಹಿಂದಿರುವ 1959ರ ಕೂಪರ್ ರೇಸ್ ಕಾರಿನ ಪುಟ್ಟ ಮಾದರಿಯೊಂದನ್ನು 3,400 ರೂಪಾಯಿ ಕೊಟ್ಟು ತರಿಸಿದೆ. "ಶರಣಬಸವೇಶ್ವರರ ಜಾತ್ರೆಯಲ್ಲಿ ನೂರಕ್ಕೆ ಎರಡು ಸಿಗುತ್ತಿದ್ದವು" ಎಂದಳು ಹೆಂಡತಿ.

ಅಸಲಿ ಕಾರಿನ 43ನೆಯ ಒಂದು ಪಾಲು ಅಳತೆ, ಅಂಗೈಯಲ್ಲಿ ಕೂರುತ್ತದೆ. ಕಡು ಹಸಿರು ಮೈ, ಮೂತಿಯ ಮೇಲೆ ಎರಡು ಬಿಳಿ ಪಟ್ಟೆ. ಬಣ್ಣದ ಕೆಲಸಕ್ಕೆ ಕೈ ಮುಗಿಯಬೇಕು.

ಲಂಡನ್ ಬಳಿಯ ಸರ್ಬಿಟನ್‌ನಲ್ಲಿ ಈ ಕಾರಿನ ಕಂಪನಿ ಕಟ್ಟಿದ ಚಾರ್ಲ್ಸ್ ಕೂಪರ್ ಅವರದೂ ಗ್ಯಾರೇಜೇ. 1946ರಲ್ಲಿ ಮಗ ಜಾನ್ ಎರಡು ಫಿಯೆಟ್ ಟೋಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, 500 ಸಿಸಿಯ ಜಾಪ್ ಮೋಟಾರ್‌ಸೈಕಲ್ ಎಂಜಿನ್ ಅನ್ನು ಚಾಲಕನ ಹಿಂದೆ ಕೂರಿಸಿದರು. ಚೈನು ಹಿಂದಿನ ಚಕ್ರಕ್ಕೆ ಸಲೀಸಾಗಿ ಸಿಗಬೇಕು, ಅಷ್ಟೇ ಲೆಕ್ಕ. ಎತ್ತು ಬಂಡಿಯ ಮುಂದೆಯೇ ಇರಬೇಕೆಂದು ದೊಡ್ಡ ಕಂಪನಿಗಳು ಹಟ ಹಿಡಿದಿದ್ದ ಕಾಲವದು. 1958ರಲ್ಲಿ ಅರ್ಜೆಂಟೀನಾದಲ್ಲಿ ಸ್ಟರ್ಲಿಂಗ್ ಮಾಸ್ ಫಾರ್ಮುಲಾ ಒನ್ ರೇಸನ್ನು ಕೂಪರ್ ಓಡಿಸಿ ಗೆದ್ದರು. 1959, 1960 ಎರಡೂ ವರ್ಷ ಜಾಕ್ ಬ್ರಾಬಮ್ ಇದೇ ಕಂಪನಿಯ ಕಾರಿನಲ್ಲಿ ವಿಶ್ವ ಚಾಂಪಿಯನ್. ಮೊದಲನೆಯ ಸಲವಂತೂ ಅಮೆರಿಕದ ಸೀಬ್ರಿಂಗ್‌ನಲ್ಲಿ, ಕೊನೆಯ ಸುತ್ತಿನಲ್ಲಿ ಇಂಧನ ಮುಗಿದು, ಕಾರನ್ನು ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವರಾದರು; ವರ್ಷದ ಒಟ್ಟು ಅಂಕಗಳಲ್ಲಿ ಪಟ್ಟ ಅವರದೇ. ನಡು ಬೇಸಿಗೆಯಲ್ಲಿ ಬೆವರು ಸುರಿಸುತ್ತ ಆಟೋ ತಳ್ಳಿಕೊಂಡು ನನ್ನ ಅಂಗಡಿಗೆ ಬರುವವರಿಗೆ ಈ ಕಥೆ ಹೇಳಿದ್ದೇನೆ, ಯಾರೂ ನಗುವುದಿಲ್ಲ.

ಇಷ್ಟೆಲ್ಲ ಮಹಿಮೆ ಇರುವುದು ಕಾರಿನ ಹಿಂಬದಿಯಲ್ಲಿ. ಮಾದರಿ ಮಾಡಿದವರು ಅದನ್ನೇ ಮುಚ್ಚಿಟ್ಟಿದ್ದಾರೆ! ಹಿಂದಿನ ಮುಚ್ಚಳ ಬರೀ ಒಂದು ಗೆರೆ, ತೆರೆಯುವುದೇ ಇಲ್ಲ. ಒಳಗಿರಬೇಕಾದದ್ದು 2.5 ಲೀಟರಿನ ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್. ಬೆಂಕಿ ಆರಿಸುವ ಪಂಪುಗಳಿಗೆ ಹೆಸರಾಗಿದ್ದ ಕಂಪನಿ ಅದನ್ನು ಮಾಡಿತ್ತು. ನಾನು ಹಣ ಕೊಟ್ಟದ್ದು ಅದನ್ನು ನೋಡಲಿಕ್ಕೆ.

ಇನ್ನೊಂದು ತಕರಾರು: ನಮ್ಮ ಮೇ ತಿಂಗಳ ಬಿಸಿಲಿಗೆ ಕಾರಿನ ಪಕ್ಕಕ್ಕೆ ಅಂಟಿಸಿದ್ದ ಅಂಕಿಯ ಚೀಟಿ ಅಂಚು ಬಿಟ್ಟಿತು. ಗಾಜಿನ ಡಬ್ಬಿಯನ್ನು ಕಿಟಕಿಯಿಂದ ದೂರ ಇಡಿ.

ಐದಕ್ಕೆ ಮೂರು ಅಂಕ. ಕಪಾಟಿನಲ್ಲಿಟ್ಟು ನೋಡುವವರು ಧಾರಾಳವಾಗಿ ಕೊಳ್ಳಬಹುದು. ತಳದಲ್ಲಿ ಎರಡು ಸಣ್ಣ ಸ್ಕ್ರೂಗಳಿವೆ. ಗಡಿಯಾರ ರಿಪೇರಿಯವರ ಬಳಿ ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಕೇಳಿಟ್ಟಿದ್ದೇನೆ.