ರಕ್ತ ತೆಗೆಯುವುದಕ್ಕೆ 5 ಸ್ಟಾರ್, ರಿಪೋರ್ಟಿಗೆ 2

ಮಂಗಳೂರಲ್ಲಿ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಲ್ಯಾಬ್ ಬಗ್ಗೆ ಇದು. ಹೆಸರು ಹಾಕುವುದಿಲ್ಲ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಅಪ್ಪನಿಗೆ ಪಾಲಿಸೈಥೀಮಿಯಾ ವೆರಾ. ಅಪರೂಪದ ರಕ್ತದ ಕ್ಯಾನ್ಸರ್. ಮೂಳೆಯೊಳಗಿನ ಮಜ್ಜೆ ಸುಮ್ನೆ ಕೆಂಪು ರಕ್ತಕಣ ಮಾಡುತ್ತಲೇ ಇರುತ್ತದೆ, ರಕ್ತ ದಪ್ಪ ಆಗುತ್ತದೆ, ಆಮೇಲೆ ಕಾಲಲ್ಲೋ ಮೆದುಳಲ್ಲೋ ಹೃದಯದಲ್ಲೋ, ಕೆಲವರಿಗೆ ಲಿವರಿನ ರಕ್ತನಾಳದಲ್ಲೂ ಹೆಪ್ಪುಗಟ್ಟುತ್ತದೆ. ಬಿಸಿನೀರಿನ ಸ್ನಾನ ಆದ ಕೂಡಲೇ ಮೈಯೆಲ್ಲ ತುರಿಕೆ ಅನ್ನುತ್ತಿದ್ದರು. ಈ ಊರಿನ ಸೆಕೆಯಲ್ಲಿ ತುರಿಕೆ ಇಲ್ಲದವರು ಯಾರು ಮಾರಾಯ್ರೆ? ಕೊನೆಗೆ ಮೀನಖಂಡ ಊದಿತು, ಸ್ಕ್ಯಾನ್‌ನಲ್ಲಿ ಹೆಪ್ಪು ಕಾಣಿಸಿತು, ಹಿಮೋಗ್ಲೋಬಿನ್ 19 ದಾಟಿತ್ತು, ಈ ಕಾಯಿಲೆ ಪತ್ತೆ ಮಾಡುವ ಜಾಕ್2 ಅನ್ನುವ ಜೀನ್ ಟೆಸ್ಟ್ ಪಾಸಿಟಿವ್ ಬಂತು.

ಹಾಗಾಗಿ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು. ಲ್ಯಾಬಿನ ಹುಡುಗ ಹೇಳಿದ ಹೊತ್ತಿಗೆ ಬರುತ್ತಾನೆ, ಜೋರು ಮಳೆ ಇದ್ದರೂ. "ಅಂಕಲ್, ಮುಷ್ಟಿ ಬಿಗಿ ಮಾಡಿ" ಅನ್ನುತ್ತಾನೆ, ಒಂದೇ ಚುಚ್ಚಿಗೆ ನರ ಸಿಗುತ್ತದೆ, ನೇರಳೆ ಮುಚ್ಚಳದ ಟ್ಯೂಬ್ ತುಂಬುತ್ತದೆ. ಅಪ್ಪ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತಿಳಿ ಮಾಡುವ ಮಾತ್ರೆಯನ್ನೂ ತೆಗೆದುಕೊಳ್ಳುವವರು, ರಕ್ತ ಬೇಗ ನಿಲ್ಲುವುದಿಲ್ಲ. ಹುಡುಗ ಹತ್ತಿ ಒತ್ತಿ ಹಿಡಿದು ಕೂತಿರುತ್ತಾನೆ, ಎತ್ತಿ ನೋಡುತ್ತಾನೆ, ಮತ್ತೆ ಒತ್ತುತ್ತಾನೆ, ಪೂರ್ತಿ ನಿಂತ ಮೇಲೆಯೇ ಬೈಕ್ ಹತ್ತುವುದು. ಯಾರೂ ಹೇಳಿಕೊಟ್ಟಿದ್ದಲ್ಲ. ರಿಪೋರ್ಟ್ ಅದೇ ಮಧ್ಯಾಹ್ನ ವಾಟ್ಸಾಪ್‌ಗೆ ಬರುತ್ತದೆ.

ತಕರಾರು ಇರುವುದು ಆ ರಿಪೋರ್ಟಿನ ಮೇಲೆಯೇ. ಕಳೆದ ಸಲ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಅನ್ನುವುದು, 48.6. ಪಕ್ಕದ ಕಾಲಮ್ಮಿನಲ್ಲಿ ಗಂಡಸರಿಗೆ 40ರಿಂದ 50 ಅಂತ ಅಚ್ಚಾಗಿದೆ, ಹಾಗಾಗಿ ಕೆಂಪು ಗುರುತು ಇಲ್ಲ, ದಪ್ಪ ಅಕ್ಷರ ಇಲ್ಲ. ಆದರೆ ಈ ಕಾಯಿಲೆಯವರಿಗೆ ಅದು 45ರ ಕೆಳಗೆ ಇರಬೇಕು. 2013ರಲ್ಲಿ ಇಟಲಿಯ ಡಾಕ್ಟರುಗಳು 365 ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು: 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ, ರಕ್ತನಾಳದ ಕಾರಣಕ್ಕೆ ಸಾವು ಮತ್ತು ದೊಡ್ಡ ಹೆಪ್ಪುಗಳು ಸುಮಾರು 4 ಪಟ್ಟು ಜಾಸ್ತಿ. ಅಂದರೆ 48.6 ಬಂದರೆ ಅಪ್ಪ ಆಸ್ಪತ್ರೆಗೆ ಹೋಗಿ, ಪರೀಕ್ಷೆಗಲ್ಲ, ಆ ಅಂಕಿ ಇಳಿಸಲು ಒಂದಷ್ಟು ರಕ್ತ ತೆಗೆಸಿಕೊಂಡು ಬರಬೇಕು. ಲ್ಯಾಬಿಗೆ ಫೋನ್ ಮಾಡಿದರೆ "ನಾರ್ಮಲ್ ಉಂಟಲ್ಲ ಮೇಡಂ, ಟೆನ್ಷನ್ ಬೇಡ" ಅಂದರು.

ಕೆಂಪು ಗುರುತು ಬಿದ್ದಿದ್ದು ಐರನ್‌ಗೆ. ಕಡಿಮೆ ಇದೆ, ಮಾತ್ರೆ ಶುರು ಮಾಡಿ ಅಂತ ಕೌಂಟರಿನ ಸಲಹೆ ಬೇರೆ! ರಕ್ತ ತೆಗೆಸುತ್ತಾ ಇದ್ದರೆ ಐರನ್ ಇಳಿಯುವುದು ಸಹಜ ಅಲ್ವಾ? ಮಾತ್ರೆ ಕೊಟ್ಟರೆ ಮಜ್ಜೆಗೆ ಇನ್ನಷ್ಟು ಕೆಂಪುಕಣ ಮಾಡಲು ಸಾಮಾನು ಒದಗಿಸಿದ ಹಾಗೆ. ಹೆಮಟಾಲಜಿಸ್ಟ್ (ರಕ್ತದ ಕಾಯಿಲೆಯ ಡಾಕ್ಟರ್) ಹೇಳದೆ ಅದನ್ನು ಮುಟ್ಟಲೇಬಾರದು.

ಲ್ಯಾಬಿನವರಿಗೆ ಯಾರಿಗೆ ಯಾವ ಕಾಯಿಲೆ ಅಂತ ಹೇಗೆ ಗೊತ್ತಾಗಬೇಕು, ಅದು ಸರಿ. ಬುಕ್ ಮಾಡುವಾಗ ಕಾಯಿಲೆ ಬರೆಯಲು ಒಂದು ಜಾಗ ಇಡಿ ಅಂದೆ, ಸಿಸ್ಟಮ್‌ನಲ್ಲಿ ಆಗುವುದಿಲ್ಲ ಅಂದರು.

ನಾವು ಇವರನ್ನೇ ಕರೆಸುತ್ತೇವೆ, ಆ ಹುಡುಗನಿಗೋಸ್ಕರ. ರಿಪೋರ್ಟ್ ಮಾತ್ರ ನೇರ ಡಾಕ್ಟರಿಗೆ ಕಳಿಸುತ್ತೇವೆ. ಭಾನುವಾರ ಮನೆಗೆ ಬರುವುದಿಲ್ಲ, ಸೋಮವಾರ ಡಾಕ್ಟರ್ ಭೇಟಿ ಇದ್ದರೆ ಶನಿವಾರವೇ ಬುಕ್ ಮಾಡಿ.