ಗಾಡಿಗೆ ಎಕ್ಸ್‌ಟ್ರಾ ಲೈಟ್ ಹಾಕಿಸೋ ಮುಂಚೆ ವೈರ್ ಕೆರೆದು ನೋಡಿ

ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಥಾರ್‌ಗೋ ಜಿಮ್ನಿಗೋ ಹಳೇ ಜಿಪ್ಸಿಗೋ ಆಫ್‌ರೋಡ್ ಲೈಟ್ ಹಾಕಿಸಬೇಕು ಅಂತ ದುಡ್ಡು ಎತ್ತಿಟ್ಟಿರೋರು ಇದನ್ನ ಓದಿಕೊಂಡು ಹೊರಡಿ. ಆ ಕಡೆಯ ಒಂದು ಅಂಗಡಿಯವರು ನನ್ನ ಜಿಪ್ಸಿಗೆ ಮಾಡಿಕೊಟ್ಟ ಫಿಟ್ಟಿಂಗ್‌ನಿಂದ ಮಳೆಗಾಲದ ಒಂದು ರಾತ್ರಿ, ಸಕಲೇಶಪುರದಾಚೆ, ಬಾನೆಟ್ ಒಳಗೆ ಹೊಗೆ ಎದ್ದಿತು. ಲೈಟ್ ಆಫ್ ಇದ್ದಾಗ ಎದ್ದಿತು, ಅದೇ ಇಲ್ಲಿ ಹೇಳಬೇಕಾದ ವಿಷಯ. ಅಂಗಡಿ ಹೆಸರು ಹಾಕಲ್ಲ, ಕೇಳಬೇಡಿ. ಇದೇ ಕೆಲಸವನ್ನ ಇದೇ ಥರ ಮಾಡೋದು ಅವರೊಬ್ಬರೇ ಅಲ್ಲ.

ಜಿಪ್ಸಿ ಇಟ್ಟುಕೊಂಡವರಿಗೆ ಅದರ ಹೆಡ್‌ಲೈಟ್ ಬಗ್ಗೆ ಹೇಳಬೇಕಾಗಿಲ್ಲ. ದೀಪಾವಳಿ ಹಣತೆ ಹಚ್ಚಿಟ್ಟಂಗೆ ಇರುತ್ತೆ. ಅದಕ್ಕೇ ಬಂಪರ್‌ಗೆ ಎರಡು ಸ್ಪಾಟ್ ಲೈಟು, ರೂಫ್ ಮೇಲೊಂದು ಎಲ್‌ಇಡಿ ಬಾರ್ ಹಾಕಿಸೋಣ ಅಂತ ಹೋಗಿದ್ದೆ. ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನ ಸನ್ನೆಗೆ ಬ್ಯಾಟರಿಯ ಕರೆಂಟನ್ನ ನೇರ ಲೈಟಿಗೆ ಬಿಡೋ ಡಬ್ಬಿ) ಬೇಕು, ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಬೇಕು, ವೈರ್ ತಾಮ್ರದ್ದೇ ಆಗಿರಬೇಕು ಅಂತ ಬಿಡಿಸಿ ಹೇಳಿದ್ದೆ. "ಎಲ್ಲಾ ಪಕ್ಕಾ ಹಾಕಿರ್ತೀವಿ ಸಾರ್. ಇಲ್ಲಿ ಗಾಡಿ ನಿಲ್ಲಿಸೋಕೆ ಆಗಲ್ಲ, ಹಿಂದಿನ ಗಲ್ಲಿಗೆ ತಗೊಂಡೋಗ್ತೀವಿ, ನೀವು ಸಂಜೆ ಬನ್ನಿ" ಅಂದರು. ಸಂಜೆ ಹೋದಾಗ ಎದುರಿನ ಗೋಡೆಗೆ ಬೆಳಕು ಬಿಟ್ಟು ತೋರಿಸಿದರು, ಗಲ್ಲಿ ಪೂರ್ತಿ ಹಗಲಾಯ್ತು. ಈ ಗೋಡೆ ಪರೀಕ್ಷೆಗೆ ಮೂರು ಕಾಸಿನ ಬೆಲೆ ಇಲ್ಲ. ನಾಲ್ಕು ಮೀಟರ್ ದೂರದ ಗೋಡೆ ಮೇಲೆ ಯಾವ ಲೈಟಾದರೂ ಶೂರನೇ.

ಊರಿನ ಕಡೆಯ ನೆಂಟರ ತೋಟಕ್ಕೆ ಹೊರಟಿದ್ದೆವು. ನಾನು ಓಡಿಸ್ತಿದ್ದೆ, ಪಕ್ಕದಲ್ಲಿ ನಮ್ಮ ಭಾವ. ಸಕಲೇಶಪುರ ದಾಟಿ ವನಗೂರಿನ ಕಡೆ ತಿರುಗಿದ ಮೇಲೆ ಮಂಜು ಇಳಿಯಿತು. ರೂಫ್ ಬಾರ್ ಹಾಕಿದೆ. ರಸ್ತೆ ಮಾಯ! ಗಾಡಿ ಮುಂದೆ ಬಿಳೀ ಪರದೆ, ಬಾನೆಟ್ ಮೇಲೆ ಫಳಫಳ. ಕಾರಣ ಸರಳ: ಮಂಜಿನ ಹನಿಗಳು ಬೆಳಕನ್ನ ವಾಪಸ್ ಕಣ್ಣಿಗೇ ಎಸೆಯುತ್ತವೆ. ಲೈಟು ಕಣ್ಣಿನ ಮಟ್ಟಕ್ಕೆ ಹತ್ತಿರ ಇದ್ದಷ್ಟೂ ಜಾಸ್ತಿ ಎಸೆಯುತ್ತವೆ. ನಮ್ಮ ಘಾಟಿಗಳ ಮಳೆಗಾಲಕ್ಕೆ ರೂಫ್ ಬಾರ್‌ನಷ್ಟು ದಂಡದ ಖರ್ಚು ಇನ್ನೊಂದಿಲ್ಲ. ರಾಜಸ್ಥಾನದ ಮರಳಲ್ಲಿ ಓಡಿಸೋರ ಫೋಟೋ ನೋಡಿ ನಾವೂ ಹಾಕಿಸ್ತೀವಿ, ಅಲ್ಲೂ ಧೂಳೆದ್ದರೆ ಇದೇ ಕಥೆ.

ಎಲ್ಲಾ ಆಫ್ ಮಾಡಿ ಬರೀ ಡಿಪ್‌ನಲ್ಲಿ ನಿಧಾನ ಹೋಗ್ತಿದ್ದಾಗ ಭಾವ, "ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ ಕಣಯ್ಯಾ" ಅಂದರು. ಡ್ಯಾಶ್‌ಬೋರ್ಡ್ ಅಡಿಯಿಂದ ಹೊಗೆ ಬರ್ತಿತ್ತು. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರೆ, ಬ್ಯಾಟರಿಯಿಂದ ಹೊರಟ ಕೆಂಪು ವೈರಿನ ಮೇಲುಹೊದಿಕೆ ಕರಗಿ ತೊಟ್ಟಿಕ್ತಿದೆ. ಕೀ ತೆಗೆದರೂ ನಿಲ್ಲಲಿಲ್ಲ, ನಿಲ್ಲೋದೂ ಇಲ್ಲ. ಆ ವೈರು ನೇರ ಬ್ಯಾಟರಿಗೆ ಸೇರಿದ್ದು. ಟೂಲ್ ಬ್ಯಾಗಿನಲ್ಲಿದ್ದ 10 ನಂಬರ್ ಸ್ಪ್ಯಾನರ್‌ನಲ್ಲಿ ನೆಗೆಟಿವ್ ಟರ್ಮಿನಲ್ ಬಿಚ್ಚಿದ ಮೇಲೇ ಹೊಗೆ ನಿಂತಿದ್ದು. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಪಕ್ಕದ ಪೆಟ್ರೋಲ್ ಪೈಪಿಗೆ ತಾಗ್ತಿತ್ತು. ನಿಮ್ಮ ಗಾಡೀಲೂ ಬ್ಯಾಟರಿ ಬೋಲ್ಟಿಗೆ ಸರಿಹೊಂದೋ ಸ್ಪ್ಯಾನರ್ ಕೈಗೆ ಸಿಗೋ ಜಾಗದಲ್ಲಿರಲಿ.

ಬೆಂಗಳೂರಿಗೆ ತಂದು ಮಾಗಡಿ ರೋಡಿನ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಎಲ್ಲಾ ಬಿಚ್ಚಿಸಿದೆ. ರಿಲೇ ಇತ್ತು. ಫ್ಯೂಸೂ ಇತ್ತು, ಆದರೆ ಕ್ಯಾಬಿನ್ ಒಳಗೆ, ಸ್ವಿಚ್ಚಿನ ಪಕ್ಕ! ಬ್ಯಾಟರಿಯಿಂದ ಅಲ್ಲೀವರೆಗಿನ ಅಷ್ಟುದ್ದ ವೈರಿಗೆ ಯಾವ ಕಾವಲೂ ಇಲ್ಲ. ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ ತಗಡಿನಲ್ಲಿ ತೂತು ಕೊರೆದು, ರಬ್ಬರ್ ಬುಷ್ ಹಾಕದೆ ವೈರ್ ತೂರಿಸಿದ್ದರು. ಕಲ್ಲುದಾರಿಯ ಕುಲುಕಾಟಕ್ಕೆ ತಗಡಿನ ಅಂಚು ವೈರಿನ ಹೊದಿಕೆ ಕೊಯ್ದು, ಗಾಡಿ ಬಾಡಿಯ ಲೋಹಕ್ಕೆ ತಾಗಿ ಶಾರ್ಟ್ ಆಯಿತು. ಫ್ಯೂಸ್ ಶಾರ್ಟ್‌ನಿಂದ ಆಚೆ ಇತ್ತು, ಅದಕ್ಕೆ ಏನೂ ಗೊತ್ತೇ ಆಗಲಿಲ್ಲ. ಫ್ಯೂಸ್ ಇರೋದು ಲೈಟನ್ನ ಕಾಯೋಕಲ್ಲ, ವೈರನ್ನ ಕಾಯೋಕೆ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೆ ಅದು ಇರಲೇಬೇಕು.

ಇನ್ನೊಂದು ಮೋಸ ಬ್ಲೇಡಿನಲ್ಲಿ ಕೆರೆದಾಗ ಕಂಡಿತು. ಹೊರಗೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ವೈರ್ ಅದು. ಅಲ್ಯೂಮಿನಿಯಂ ಕರೆಂಟ್ ಹರಿಸೋ ಶಕ್ತಿ ತಾಮ್ರದ ಶೇ 60ರ ಆಸುಪಾಸು ಅಷ್ಟೆ, ಬಗ್ಗಿಸಿದರೆ ಬೇಗ ಮುರಿಯುತ್ತೆ, ತುದಿಗೆ ಲಗ್ (ಬೋಲ್ಟಿಗೆ ಸಿಗಿಸೋ ಲೋಹದ ಕೊಂಡಿ) ಒತ್ತಿದ ಕಡೆ ಸಡಿಲಾಗಿ ಬಿಸಿಯಾಗುತ್ತೆ. ಮೇಲಿನ ಪ್ಲಾಸ್ಟಿಕ್ ದಪ್ಪ ಇದ್ದದ್ದಕ್ಕೆ ನೋಡೋಕೆ ಗಟ್ಟಿಮುಟ್ಟು. ಅಂಗಡಿಯಲ್ಲೇ ತುದಿ ಕತ್ತರಿಸಿ ಕೆರೆದು ನೋಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಲೈಟುಗಳ ಕಥೆಗೆ ಬರೋಣ. ಡಬ್ಬದ ಮೇಲೆ ತಲಾ 150 ವ್ಯಾಟ್ ಅಂತಿತ್ತು. ಎರಡಕ್ಕೆ 300 ಅಂದರೆ 12 ವೋಲ್ಟಿನಲ್ಲಿ 25 ಆಂಪಿಯರ್ ಎಳೀಬೇಕು. ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರ್ ಹಿಡಿದರೆ ಎರಡೂ ಸೇರಿ 4 ಆಂಪಿಯರ್ ಕೂಡ ಇಲ್ಲ, ಅಂದರೆ 50 ವ್ಯಾಟಿನ ಆಸುಪಾಸು. ಆದರೆ ಫ್ಯೂಸ್ ಮಾತ್ರ ಡಬ್ಬದ ಲೆಕ್ಕಕ್ಕೆ 30 ಆಂಪಿಯರ್‌ದು! ಸುಳ್ಳು ವ್ಯಾಟ್‌ನಿಂದ ಬೆಳಕು ಕಮ್ಮಿ ಬರೋದಷ್ಟೇ ಅಲ್ಲ, ಫ್ಯೂಸಿನ ಲೆಕ್ಕವೂ ಕೆಡುತ್ತೆ. ಅಷ್ಟು ಎಳೆಯೋ ಲೈಟಿಗೆ 10 ಆಂಪಿಯರ್ ಫ್ಯೂಸ್ ಧಾರಾಳ. 100 ವ್ಯಾಟಿನ ಹ್ಯಾಲೊಜೆನ್ ಜೋಡಿಗಾದರೆ ಸುಮಾರು 17 ಆಂಪಿಯರ್ ಬೇಕು, ಅದಕ್ಕೆ 4 ಚದರ ಮಿಲಿಮೀಟರ್‌ನ ಅಸಲಿ ತಾಮ್ರದ ವೈರು, 20ರ ಫ್ಯೂಸು.

ಧೂಳು, ನೀರು ಎಷ್ಟು ತಡೆಯುತ್ತೆ ಅನ್ನೋದಕ್ಕೆ ಡಬ್ಬದ ಮೇಲೆ ಐಪಿ 68 ಅಂತಲೂ ಬರೆದಿತ್ತು. 6 ಅಂದರೆ ಧೂಳು ಒಳಗೆ ಹೋಗಲ್ಲ, 8 ಅಂದರೆ 1 ಮೀಟರ್‌ಗಿಂತ ಆಳದ ನೀರಲ್ಲಿ, ಕಂಪನಿ ಹೇಳಿದಷ್ಟು ಹೊತ್ತು, ಮುಳುಗಿದರೂ ತಡೆಯುತ್ತೆ ಅಂತ. ಒಂದು ಹಳ್ಳ ದಾಟಿದ್ದಕ್ಕೇ ಬಲಗಡೆಯ ಲೈಟಿನ ಗಾಜಿನೊಳಗೆ ನೀರು. ಬಿಸಿಯಾದ ಲೈಟು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸಂದಿಯಿಂದ ನೀರನ್ನ ಎಳೆದುಕೊಳ್ಳುತ್ತೆ. ಒಳ್ಳೇ ಲೈಟುಗಳಲ್ಲಿ ಇದಕ್ಕೇ ಅಂತ ಗಾಳಿ ಆಡೋ, ನೀರು ಬಿಡದ ಸಣ್ಣ ವೆಂಟ್ ಇರುತ್ತೆ. ಇದರಲ್ಲಿ ಸ್ಟಿಕ್ಕರ್ ಮಾತ್ರ ಇತ್ತು. ಅಂದಹಾಗೆ, ಬಾರ್ ಹಾಕಿದಾಗಲೆಲ್ಲ ರೇಡಿಯೋದಲ್ಲಿ 101.3 ಎಫ್‌ಎಂ ರೇನ್‌ಬೋ ಗೊರಗೊರ ಅಂತಿತ್ತು, ನಾನು ಏರಿಯಲ್ ಹೋಗಿದೆ ಅಂದುಕೊಂಡಿದ್ದೆ. ಅಗ್ಗದ ಎಲ್‌ಇಡಿಯ ಡ್ರೈವರ್, ಅಂದರೆ ಅದಕ್ಕೆ ಕರೆಂಟನ್ನ ಹದಮಾಡಿ ಕೊಡೋ ಸರ್ಕ್ಯೂಟ್, ಹೀಗೆ ರೇಡಿಯೋಗೆ ಅಡ್ಡಬರುತ್ತೆ. ಕೊಳ್ಳೋವಾಗಲೇ ಎಫ್‌ಎಂ ಹಾಕಿ, ಲೈಟ್ ಆನ್ ಮಾಡಿ ನೋಡಿದರೆ ಡ್ರೈವರ್‌ನ ಯೋಗ್ಯತೆ ತಿಳಿಯುತ್ತೆ.

ಹಾಗಾದರೆ ಏನು ಹಾಕಿಸೋದು? ಹಳೇ ಗಾಡಿಯಾದರೆ ಮೊದಲು ಹೆಡ್‌ಲೈಟಿಗೇ ರಿಲೇ ಹಾಕಿಸಿ, ಕಂಪನಿಯ 60/55 ವ್ಯಾಟ್ (ಹೈ ಬೀಮ್/ಡಿಪ್) ಬಲ್ಬೇ ಇರಲಿ. ತಂತು ಇರೋ ಬಲ್ಬಿಗೆ ವೋಲ್ಟೇಜ್ ಶೇ 10 ಕಮ್ಮಿಯಾದರೆ ಬೆಳಕು ಶೇ 30ರಷ್ಟು ಬೀಳುತ್ತೆ, ಹಳೇ ವೈರಿಂಗ್‌ನಲ್ಲಿ ಅಷ್ಟು ಸೋರಿಹೋಗೋದು ಮಾಮೂಲು. ನಾನು ಇಷ್ಟು ಮಾಡಿಸಿದ ಮೇಲೆ ಸ್ಪಾಟ್ ಲೈಟಿನ ಆಸೆಯೇ ಅರ್ಧ ಇಳಿಯಿತು. ರಿಲೇ ಇಲ್ಲದೆ 100/90 ಬಲ್ಬ್ ಮಾತ್ರ ತುರುಕಬೇಡಿ, ಹೋಲ್ಡರ್ ಕರಗುತ್ತೆ.

ಆಮೇಲೂ ಬೇಕೆನಿಸಿದರೆ, ನೀವು ಓಡಿಸೋ ವೇಗ ನೋಡಿ. ಕಾಡುದಾರಿಯಲ್ಲಿ, ಲೋ ಗೇರಿನಲ್ಲಿ ಹೋಗೋರಿಗೆ ದೂರ ಹೊಡೆಯೋ ಸ್ಪಾಟ್ ಬೇಡ, ಬಂಪರ್ ಮಟ್ಟದಲ್ಲಿ ಅಗಲಕ್ಕೆ ಹರಡೋ ಫ್ಲಡ್ ಸಾಕು. ಪಕ್ಕದ ಚರಂಡಿ, ಬೇರು, ಕಲ್ಲು ಕಾಣಬೇಕಲ್ಲ. ಮಂಜಿಗೆ ತಗ್ಗಿನಲ್ಲಿ ಕೂರಿಸಿದ, ಬೆಳಕಿನ ಮೇಲಂಚು ಗೆರೆ ಎಳೆದಂತೆ ಕತ್ತರಿಸಿರೋ ಫಾಗ್ ಲೈಟ್ ಸರಿ. ಹಳದಿ ಬೆಳಕು ಪವಾಡ ಮಾಡಲ್ಲ, ಆದರೆ ಕಣ್ಣಿಗೆ ಹಿತ. ಕೆಲ್ವಿನ್ ಅನ್ನೋದು ಬೆಳಕಿನ ಬಣ್ಣದ ಅಳತೆ, 6500 ಕೆಲ್ವಿನ್ ಅಂದರೆ ಬೆಳಕು ಜಾಸ್ತಿ ಅಂತಲ್ಲ, ನೀಲಿ ಜಾಸ್ತಿ. ಕೈಯಲ್ಲೆತ್ತಿ ತೂಕವನ್ನೂ ನೋಡಿ: ನಿಜವಾಗಿ ವ್ಯಾಟ್ ಎಳೆಯೋ ಎಲ್‌ಇಡಿಗೆ ಹಿಂದುಗಡೆ ದಪ್ಪ ಲೋಹದ ರೆಕ್ಕೆಗಳು ಬೇಕೇ ಬೇಕು. ಹೊಸ ಗಾಡಿಯಾದರೆ ಹೆಡ್‌ಲೈಟ್ ವೈರನ್ನ ಕತ್ತರಿಸಿ ಜೋಡಿಸೋಕೆ ಬಿಡಬೇಡಿ, ವಾರಂಟಿ ಹೋಗಬಹುದು.

ಕಾನೂನಿನ ಬಗ್ಗೆ ಅಂಗಡಿಯವರು ಹೇಳೋದನ್ನ ನಂಬಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 111ನೇ ನಿಯಮದ ಪ್ರಕಾರ ಗಾಡಿ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ನಿಷಿದ್ಧ. ವಿಶೇಷ ಸಂದರ್ಭದಲ್ಲಿ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಮೊದಲೇ ಪಡೆದಿರಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಅನುಮತಿ ಇಲ್ಲದ ಪ್ರತಿ ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. "ಕವರ್ ಹಾಕ್ಕೊಂಡ್ರೆ ಏನೂ ಆಗಲ್ಲ ಸಾರ್" ಅಂತಾರೆ, ಆ ನಿಯಮದಲ್ಲಿ ಕವರ್ ಅನ್ನೋ ಮಾತೇ ಇಲ್ಲ. 2024ರಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿಗಳ ಮೇಲೆ ಕೇಸ್ ಹಾಕೋಕೆ ಶುರು ಮಾಡಿದಾಗ ನೈಸ್ ರೋಡಿನಲ್ಲಿ ಎದುರುಬದುರು ಓಡಿಸೋರೆಲ್ಲ ಖುಷಿಪಟ್ಟಿರಬೇಕು, ನಾನಂತೂ ಪಟ್ಟೆ.

ಸುಟ್ಟ ವೈರ್ ಹಿಡಿದು ಅಂಗಡಿಗೆ ಹೋದರೆ, "ಲೈಟಿಗೆ ವಾರಂಟಿ ಸಾರ್, ವೈರಿಂಗ್‌ಗೆ ಅಲ್ಲ" ಅಂದರು. ಲೈಟಿನೊಳಗಿನ ನೀರು ತೋರಿಸಿದರೆ, "ನೀವು ನೀರಿಗೆ ಇಳಿಸಿದ್ದೀರಲ್ಲ" ಅಂದರು. ನನ್ನ ಕೈಲಿದ್ದದ್ದು ಅವರು ಕೊಟ್ಟ ಕಚ್ಚಾ ಬಿಲ್, ಜಿಎಸ್‌ಟಿ ನಂಬರ್ ಇಲ್ಲ, ಸಾಮಾನಿನ ವಿವರ ಇಲ್ಲ, "ಲೈಟ್ ಫಿಟ್ಟಿಂಗ್" ಅಂತ ಎರಡೇ ಪದ. ಪಕ್ಕಾ ಬಿಲ್ ಕೇಳಿ, ಅದರಲ್ಲಿ ಲೈಟಿನ ಮಾಡೆಲ್, ವೈರಿನ ಅಳತೆ, ತಾಮ್ರ ಅನ್ನೋದು, ಫ್ಯೂಸಿನ ಆಂಪಿಯರ್ ಎಲ್ಲಾ ಬರೆಸಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವಾಗ ಆ ಚೀಟಿ ಕೈಯಲ್ಲಿರಬೇಕು. ಗಾಡಿ ಬಿಟ್ಟು ಸಂಜೆ ಬನ್ನಿ ಅಂದರೆ ಒಪ್ಪಬೇಡಿ, ಹಿಂದಿನ ಗಲ್ಲಿಗೆ ನೀವೂ ಹೋಗಿ.