ಮಲೆನಾಡಿನ ಮಳೆಗೆ ಯಾವ ಟೈರ್? ಕಡಿಮೆ ಬೆಲೆಯ ಮೂರು ಬಗೆಗಳ ಹೋಲಿಕೆ

ಚಿಕ್ಕಮಗಳೂರಿನಲ್ಲಿ ಬೈಕಿಗೆ ಟೈರ್ ಕೊಳ್ಳಲು ಹೋದವರು ಮೊದಲು ಕೇಳುವುದು ಕಂಪನಿಯ ಹೆಸರನ್ನು. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ, ಜೆಕೆ ಎಲ್ಲವೂ ನಮ್ಮ ಕಡೆ ಸಿಗುತ್ತವೆ. ಒಬ್ಬೊಬ್ಬರಿಗೂ ಅಪ್ಪನ ಕಾಲದಿಂದ ನಂಬಿಕೊಂಡು ಬಂದ ಒಂದು ಹೆಸರಿರುತ್ತದೆ. ಆದರೆ ಒಂದೇ ಕಂಪನಿಯು ಗಟ್ಟಿ ರಬ್ಬರಿನ ಬಾಳಿಕೆಯ ಟೈರನ್ನೂ ಮೆದು ರಬ್ಬರಿನ ಹಿಡಿತದ ಟೈರನ್ನೂ ತಯಾರಿಸುತ್ತದೆ, ಮತ್ತು ಎರಡು ಕಂಪನಿಗಳ ಗಟ್ಟಿ ಟೈರುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಕಂಪನಿಯ ಈ ಎರಡು ಬಗೆಗಳ ನಡುವಿನ ವ್ಯತ್ಯಾಸವೇ ರಸ್ತೆಯಲ್ಲಿ ಹೆಚ್ಚು ತಿಳಿಯುತ್ತದೆ. ಆದ್ದರಿಂದ ಇಲ್ಲಿ ಕಂಪನಿಗಳನ್ನಲ್ಲ, ಬಗೆಗಳನ್ನು ಹೋಲಿಸಿದ್ದೇನೆ.

ನನ್ನದು ಪಲ್ಸರ್ 150. ಹಿಂದಿನ ಚಕ್ರಕ್ಕೆ 100/90-17, ಮುಂದಿನದಕ್ಕೆ 80/100-17 ಅಳತೆಯ ಟ್ಯೂಬ್‌ಲೆಸ್ ಟೈರುಗಳು. ಕೆಲಸದ ನಿಮಿತ್ತ ಆಲ್ದೂರು, ಬಾಳೆಹೊನ್ನೂರು ಕಡೆಗೆ ಓಡಾಟ ಹೆಚ್ಚು. ಆಗಾಗ ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೂ, ಬಯಲುಸೀಮೆಯ ಕಡೆ ಕಡೂರಿನವರೆಗೂ ಹೋಗಿಬರುತ್ತೇನೆ. ಒಂದೇ ಜಿಲ್ಲೆಯಾದರೂ ಟೈರಿನ ಪಾಲಿಗೆ ಇವು ಬೇರೆ ಬೇರೆ ಲೋಕಗಳು. ಕಡೂರಿನ ರಸ್ತೆ ನೇರ, ಒಣ, ಬಿಸಿ. ಆಲ್ದೂರಿನ ಆಚೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರಗಳ ಕೆಳಗಿನ ಡಾಂಬರು ಒಣಗುವುದೇ ಇಲ್ಲ. ತಿರುವಿನ ಒಳಬದಿಯಲ್ಲಿ ತೋಟದಿಂದ ಹರಿದುಬಂದ ಕೆಮ್ಮಣ್ಣು, ಅಂಚಿನಲ್ಲಿ ಪಾಚಿ, ನಡುವೆ ಸಿಲ್ವರ್ ಓಕಿನ ಎಲೆಗಳು ಅಂಟಿಕೊಂಡಿರುತ್ತವೆ.

ಮೊದಲನೆಯದು ಗಟ್ಟಿ ರಬ್ಬರಿನ, ಬಾಳಿಕೆಗೆಂದೇ ಮಾಡಿದ ಟೈರ್. ಇದರ ಗೀರುಗಳು ಸರಳವಾಗಿರುತ್ತವೆ, ನಡುಭಾಗದಲ್ಲಿ ರಬ್ಬರ್ ದಟ್ಟವಾಗಿ ನೆಲಕ್ಕೆ ಕೂರುತ್ತದೆ. ಹಿಂದಿನ ಚಕ್ರದಲ್ಲಿ ಇದು ಸುಮಾರು 30 ಸಾವಿರ ಕಿಲೋಮೀಟರ್ ಬಂತು. ಕಡೂರಿನ ರಸ್ತೆಯಲ್ಲಿ ಇದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಒಣ ನೆಲದಲ್ಲಿ ಬ್ರೇಕ್ ಹಿಡಿದರೆ ನಿಲ್ಲುತ್ತದೆ, ಇಬ್ಬರು ಕೂತರೂ ಅಲುಗಾಡುವುದಿಲ್ಲ, ಪೆಟ್ರೋಲನ್ನೂ ಹೆಚ್ಚು ಕೇಳುವುದಿಲ್ಲ. ಮಳೆಗಾಲದ ಮಾತು ಬೇರೆ. ಮೂಡಿಗೆರೆಯ ಆಚೆಯ ತಿರುವುಗಳಲ್ಲಿ, ವೇಗ ತೀರಾ ಕಡಿಮೆಯಿದ್ದಾಗಲೂ, ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿದೊಡನೆ ಚಕ್ರ ಪಕ್ಕಕ್ಕೆ ಸರಿಯುವುದು ಸೀಟಿನಲ್ಲೇ ತಿಳಿಯುತ್ತಿತ್ತು. ಇದಕ್ಕೆ ಗೀರುಗಳು ಕಡಿಮೆಯಿರುವುದು ಕಾರಣವೆಂದು ಹಲವರು ಹೇಳುತ್ತಾರೆ. ಗೀರುಗಳ ಕೆಲಸ ನೀರನ್ನು ಹೊರದಬ್ಬುವುದು, ಅದು ಮುಖ್ಯವಾಗುವುದು ವೇಗ ಹೆಚ್ಚಿದ್ದಾಗ. ಘಾಟಿಯ ನಿಧಾನದ ತಿರುವಿನಲ್ಲಿ ಹಿಡಿತ ನಿಂತಿರುವುದು ರಬ್ಬರಿನ ಗುಣದ ಮೇಲೆ. ಗಟ್ಟಿ ರಬ್ಬರ್ ತಣ್ಣಗಿರುವಾಗ ಡಾಂಬರಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುವುದಿಲ್ಲ. ನಮ್ಮಲ್ಲಿ ಮಳೆ ಮತ್ತು ಚಳಿ ಒಟ್ಟಿಗೇ ಬರುವುದರಿಂದ ಈ ಕೊರತೆ ಇಮ್ಮಡಿಯಾಗುತ್ತದೆ.

ಎರಡನೆಯದು ಮೆದು ರಬ್ಬರಿನ ಟೈರ್. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೆಬ್ಬೆರಳಿನ ಉಗುರನ್ನು ಊರಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಮೆದುವಿನಲ್ಲಿ ಉಗುರಿನ ಗುರುತು ಕ್ಷಣಕಾಲ ಉಳಿದು ಮೇಲೇಳುತ್ತದೆ, ಗಟ್ಟಿಯದರಲ್ಲಿ ಗುರುತೇ ಬೀಳುವುದಿಲ್ಲ. ಇದು ಪರೀಕ್ಷೆಯೆನ್ನುವಷ್ಟು ನಿಖರವಲ್ಲ, ಆದರೆ ಮಾರುವವರ ಮಾತನ್ನು ತಾಳೆ ನೋಡಲು ಸಾಕು. ಈ ಟೈರನ್ನು ಹಾಕಿಸಿದ ಮೊದಲ ಮಳೆಗಾಲದಲ್ಲಿ ನನಗೆ ಕಂಡ ದೊಡ್ಡ ಬದಲಾವಣೆಯೆಂದರೆ ಬ್ರೇಕಿನದು. ಅದೇ ರಸ್ತೆ, ಅದೇ ಬೈಕು, ಅದೇ ವೇಗ. ಆದರೆ ಬ್ರೇಕ್ ಒತ್ತಿದಾಗ ಚಕ್ರ ಜಾರುವ ಮೊದಲು ಇನ್ನೂ ಸಾಕಷ್ಟು ಹಿಡಿತ ಉಳಿದಿದೆ ಎಂಬುದು ಕಾಲಿಗೆ ತಿಳಿಯುತ್ತಿತ್ತು. ಕೆಮ್ಮಣ್ಣು ಹರಡಿದ ಕಡೆ ಇದೂ ಜಾರುತ್ತದೆ, ಆದರೆ ಥಟ್ಟನೆ ಅಲ್ಲ. ಜಾರುವ ಮುನ್ನ ಸೂಚನೆ ಕೊಡುತ್ತದೆ, ಸರಿಪಡಿಸಿಕೊಳ್ಳಲು ಸವಾರನಿಗೆ ಸಮಯ ಸಿಗುತ್ತದೆ.

ಇದರ ಕೊರತೆ ಬಾಳಿಕೆಯಲ್ಲಿದೆ. ಹಿಂದಿನ ಚಕ್ರದಲ್ಲಿ 20 ಸಾವಿರ ಕಿಲೋಮೀಟರಿನ ಆಸುಪಾಸಿನಲ್ಲೇ ಸವೆತದ ಗುರುತು ಮೇಲೆ ಬಂತು. ಹಾಗೆಂದು ಇದು ದುಬಾರಿಯೇ? ಗಟ್ಟಿ ಟೈರಿಗೆ 2,100, ಮೆದು ಟೈರಿಗೆ 2,300 ರೂಪಾಯಿ ಎಂದಿಟ್ಟುಕೊಂಡರೆ, ಮೊದಲನೆಯದಕ್ಕೆ ಕಿಲೋಮೀಟರಿಗೆ 7 ಪೈಸೆ, ಎರಡನೆಯದಕ್ಕೆ 11.5 ಪೈಸೆ ಬೀಳುತ್ತದೆ. ನೂರು ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿಯ ವ್ಯತ್ಯಾಸ. ಅಷ್ಟೇ ದೂರಕ್ಕೆ ಸುಡುವ ಪೆಟ್ರೋಲಿನ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ. 2025ರ ಸೆಪ್ಟೆಂಬರ್ 22ರಿಂದ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ, ಬಾಳಿಕೆಯೊಂದನ್ನೇ ನೋಡಿ ಕೊಳ್ಳುವ ಒತ್ತಡವೂ ಈಗ ಸ್ವಲ್ಪ ತಗ್ಗಿದೆ.

ಮೂರನೆಯದು ಬಟನ್ ಟೈರ್ ಎಂದು ಕರೆಯುವ, ದಪ್ಪ ಗುಬ್ಬಿಗಳ ಟೈರ್. ತೋಟದ ರಸ್ತೆಯಲ್ಲಿ ಓಡಾಡುವವರು ಇದನ್ನು ಇಷ್ಟಪಡುತ್ತಾರೆ. ಜಲ್ಲಿ, ಕೆಸರು ಮತ್ತು ಹುಲ್ಲು ಬೆಳೆದ ಏರಿನಲ್ಲಿ ಇದಕ್ಕೆ ಸಾಟಿಯಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒದ್ದೆ ಡಾಂಬರಿನಲ್ಲಿ ಇದು ಮೂರರಲ್ಲೂ ಕಡೆಯದು. ಗುಬ್ಬಿಗಳ ನಡುವಿನ ಖಾಲಿ ಜಾಗದಿಂದಾಗಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ಮತ್ತು ಬೈಕ್ ವಾಲಿದಾಗ ಆ ಗುಬ್ಬಿಗಳು ಬಾಗುವುದರಿಂದ ತಿರುವಿನಲ್ಲಿ ಒಂದು ಬಗೆಯ ತೇಲಾಟ ಉಂಟಾಗುತ್ತದೆ. ಸವೆತವೂ ಬೇಗ, ಸದ್ದೂ ಹೆಚ್ಚು. ದಿನದ ಓಡಾಟದಲ್ಲಿ ಅರ್ಧದಷ್ಟಾದರೂ ಮಣ್ಣಿನ ದಾರಿ ಇಲ್ಲದವರು ಇದರ ಗೋಜಿಗೆ ಹೋಗಬಾರದು. ರಿಸೋಲ್ ಮಾಡಿದ, ಅಂದರೆ ಸವೆದ ಹಳೆಯ ಟೈರಿಗೆ ಹೊಸ ರಬ್ಬರಿನ ಪದರ ಕೂರಿಸಿದ ಟೈರುಗಳೂ ಅಗ್ಗವಾಗಿ ಸಿಗುತ್ತವೆ. ಘಾಟಿಯ ಇಳಿಜಾರಿನಲ್ಲಿ ಓಡುವ ಬೈಕಿಗೆ ಅವನ್ನು ನಾನು ಹೋಲಿಕೆಗೂ ತೆಗೆದುಕೊಳ್ಳುವುದಿಲ್ಲ.

ಮುಂದಿನ ಚಕ್ರದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಹಣ ಉಳಿಸಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲೇ. ಹಿಂದಿನ ಟೈರ್ ಬೋಳಾದಾಗ ಅದನ್ನು ಬದಲಿಸುತ್ತಾರೆ. ಮುಂದಿನದು ನೋಡಲು ಚೆನ್ನಾಗಿದೆಯೆಂದು ವರ್ಷಗಟ್ಟಲೆ ಹಾಗೆಯೇ ಬಿಡುತ್ತಾರೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಬೈಕನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಟೈರಿನದೇ. ಹಿಂದಿನ ಚಕ್ರ ಜಾರಿದರೆ ಹಲವು ಸಲ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ ನಿಜ. ಆದರೆ ಎಬಿಎಸ್ ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ಎಂಜಿನ್ನಿನ ಎಳೆತ ಇಲ್ಲದ ಕಾರಣ ಮುಂದಿನ ಟೈರ್ ಬಹಳ ನಿಧಾನವಾಗಿ ಸವೆಯುತ್ತದೆ. ಹೀಗಾಗಿ ಅಲ್ಲಿ ಮೆದು ರಬ್ಬರ್ ಹಾಕಿಸಿದರೆ ಬಾಳಿಕೆಯಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ. ಕಡೂರು, ಅರಸೀಕೆರೆ, ಹಾಸನದ ಬಯಲಿನಲ್ಲೇ ಹೆಚ್ಚು ಓಡಾಡುವವರು ಹಿಂದೆ ಗಟ್ಟಿಯದನ್ನೂ ಮುಂದೆ ಮೆದುವಿನದನ್ನೂ ಹಾಕಿಸಿಕೊಳ್ಳಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆಯವರಿಗೆ ಎರಡೂ ಮೆದುವೇ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯಾವ ಬಗೆಯನ್ನು ಆರಿಸಿದರೂ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದದೆ ಹಣ ಕೊಡಬೇಡಿ. 1425 ಎಂದಿದ್ದರೆ ಅದು 2025ರ 14ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯಲ್ಲೇ ಉಳಿದ ಮೆದು ಟೈರ್ ಗಟ್ಟಿಯಾಗಿಬಿಡುತ್ತದೆ, ಆಗ ಎರಡನೆಯ ಬಗೆಯ ಬೆಲೆ ಕೊಟ್ಟು ಮೊದಲನೆಯ ಬಗೆಯನ್ನು ಮನೆಗೆ ತಂದಂತಾಗುತ್ತದೆ. ಅಳತೆಯ ಮುಂದಿನ 55P ಎಂಬಂಥ ಗುರುತಿನಲ್ಲಿ 55 ಎಂದರೆ 218 ಕಿಲೋ ಭಾರ, P ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ. ಬೈಕಿನ ಜೊತೆ ಬಂದ ಟೈರಿನಲ್ಲಿದ್ದುದಕ್ಕಿಂತ ಕಡಿಮೆಯದನ್ನು ಹಾಕಿಸಬಾರದು. ಚೆಂದಕ್ಕೆಂದು ಅಗಲದ ಟೈರ್ ಹಾಕಿಸುವುದೂ ಬೇಡ, ರಿಮ್ಮಿಗೆ ಹೊಂದದ ಟೈರಿನ ಆಕಾರವೇ ಕೆಟ್ಟು ತಿರುವಿನಲ್ಲಿ ಬೈಕ್ ಭಾರವೆನಿಸುತ್ತದೆ.

ಬದಲಿಸಲು ತಕ್ಕ ಕಾಲ ಮೇ ತಿಂಗಳು. ಹೊಸ ಟೈರಿನ ಮೇಲ್ಮೈ ಮೊದಲ ನೂರಾರು ಕಿಲೋಮೀಟರ್ ನುಣುಪಾಗಿರುವುದರಿಂದ, ಅದನ್ನು ಒಣ ರಸ್ತೆಯಲ್ಲಿ, ಜೋರಾಗಿ ಬ್ರೇಕ್ ಹಿಡಿಯದೆ, ಹೆಚ್ಚು ವಾಲಿಸದೆ ಓಡಿಸಿ ಉಜ್ಜಿಕೊಳ್ಳಬೇಕು. ಕಡೂರಿಗೆ ಕೆಲವು ಸಲ ಹೋಗಿಬಂದರೆ ಆ ಕೆಲಸ ಮುಗಿಯುತ್ತದೆ. ಮಳೆ ಹಿಡಿದ ಮೇಲೆ ಜೂನ್‌ನಲ್ಲಿ ಹಾಕಿಸಿದ ಟೈರಿಗೆ ನಮ್ಮ ಕಡೆ ಅಂಥ ರಸ್ತೆ ಸಿಗುವುದು ಕಷ್ಟ.